ನನಗೆ ಎರಡು ಮಿಲಿಗ್ರಾಂ ಗುಳಿಗೆ, ಗೆಳತಿಗೆ ಐವತ್ತು ಮೈಕ್ರೋಗ್ರಾಂ ಪಟ್ಟಿ: ಇದ್ಯಾವ ಲೆಕ್ಕ?

ಹೋದ ತಿಂಗಳು ಇದೇ ಅಂಕಣದಲ್ಲಿ ಮುಟ್ಟು ನಿಲ್ಲುವ ಹೊತ್ತಿನ ಹಾರ್ಮೋನ್ ಚಿಕಿತ್ಸೆ ಬಗ್ಗೆ, ಅಂದರೆ ಆಗ ಮೈಯಲ್ಲಿ ಕಡಿಮೆಯಾಗುವ ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನನ್ನು ಹೊರಗಿನಿಂದ ಕೊಡುವುದರ ಬಗ್ಗೆ, ನಾಲ್ಕು ಸಾಲು ಬರೆದಿದ್ದೆ. ಈಸ್ಟ್ರೋಜನ್ನಿನ ಮುಖ್ಯ ರೂಪದ ಹೆಸರು ಈಸ್ಟ್ರಾಡಯಾಲ್. ಅಷ್ಟಕ್ಕೇ ಪತ್ರಗಳ ಮೇಲೆ ಪತ್ರ. ಒಬ್ಬರಂತೂ ಡಾಕ್ಟರ ಚೀಟಿಯ ಫೋಟೋ, ಗುಳಿಗೆ ಪಾಕೀಟಿನ ಫೋಟೋ, ಜೊತೆಗೆ ಗಂಡನ ಬಿಪಿ ರಿಪೋರ್ಟ್ ಕೂಡ ಕಳಿಸಿದ್ದಾರೆ. ಹೆಸರು ಹಾಕಬೇಡ್ರಿ ಅಂತ ಎಲ್ಲರೂ ಬರೆದಿದ್ದೀರಿ, ಹಾಕಿಲ್ಲ. ಊರು ಮಾತ್ರ ಇದೆ. ಪ್ರಶ್ನೆಗಳು ಬೇರೆ ಬೇರೆ ಇದ್ದರೂ ಕೇಳುತ್ತಿರುವುದು ಒಂದೇ: ಈ ಹಾರ್ಮೋನು ಮೈಯೊಳಗೆ ಯಾವ ದಾರಿಯಿಂದ ಹೋಗುತ್ತದೆ, ದಾರಿಯಲ್ಲಿ ಅದಕ್ಕೇನಾಗುತ್ತದೆ. ಈ ಸಲ ಅದನ್ನೇ ಹಿಡಿದಿದ್ದೇನೆ.

ನನಗೆ 49, ಶಾಲೆಯಲ್ಲಿ ಟೀಚರ್. ಮುಟ್ಟು ನಿಂತು ಒಂದೂವರೆ ವರ್ಷ. ಪಾಠ ಮಾಡುತ್ತಾ ನಿಂತಾಗಲೇ ಎದೆಯಿಂದ ತಲೆಗೆ ಝಳ ಏರಿ ಕುಬಸ ತೊಯ್ದು ಹೋಗುತ್ತದೆ. ನಮ್ಮ ಡಾಕ್ಟರು ದಿನಕ್ಕೆ 2 ಮಿಲಿಗ್ರಾಂ ಈಸ್ಟ್ರಾಡಯಾಲ್ ಗುಳಿಗೆ ಕೊಟ್ಟಿದ್ದಾರೆ. ಹುಬ್ಬಳ್ಳಿಯ ಗೆಳತಿಗೂ ಅದೇ ಈಸ್ಟ್ರಾಡಯಾಲ್, ಆದರೆ ಹೊಟ್ಟೆಗೆ ಅಂಟಿಸುವ ಪಟ್ಟಿ. ಅದರ ಮೇಲೆ ದಿನಕ್ಕೆ 50 ಮೈಕ್ರೋಗ್ರಾಂ ಅಂತ ಇದೆ. ಲೆಕ್ಕ ಹಾಕಿದೆ, ನನ್ನದು 40 ಪಟ್ಟು ಜಾಸ್ತಿ! ನನಗ್ಯಾಕೆ ಇಷ್ಟೊಂದು? ಗೆಳತಿ ಬೇರೆ ಹೆದರಿಸುತ್ತಿದ್ದಾಳೆ. (ಗದಗ-ಬೆಟಗೇರಿ)

ಲೆಕ್ಕ ಸರಿಯಾಗಿದೆ ಅಕ್ಕೋರೆ. ಆದರೆ ನೀವು ಲೆಕ್ಕ ಹಾಕಿದ್ದು ಬಾಯಿಗೆ ಹಾಕಿಕೊಂಡದ್ದನ್ನು, ರಕ್ತಕ್ಕೆ ಸೇರಿದ್ದನ್ನಲ್ಲ.

ನಮ್ಮ ಹುಬ್ಬಳ್ಳಿ-ಧಾರವಾಡದ ರಸ್ತೆ ನಿಮಗೆ ಗೊತ್ತಲ್ವಾ. ಧಾರವಾಡದ ಆಚೆ ನರೇಂದ್ರ ಕ್ರಾಸಿನಿಂದ ಒಂದು ಲಾರಿ ಮಾವಿನಹಣ್ಣು ತುಂಬಿಕೊಂಡು ಹೊರಟಿದೆ ಅಂದುಕೊಳ್ಳಿ. ಊರೊಳಗೇ ಬಂದರೆ ಜುಬಿಲಿ ಸರ್ಕಲ್ಲಿನಲ್ಲಿ ಒಂದಿಷ್ಟು ಬುಟ್ಟಿ ಇಳಿಯುತ್ತದೆ, ಉಣಕಲ್ಲಿನಲ್ಲಿ ಒಂದಿಷ್ಟು, ಚೆನ್ನಮ್ಮ ಸರ್ಕಲ್ ದಾಟುವ ಹೊತ್ತಿಗೆ ಲಾರಿಯ ತಳ ಕಾಣುತ್ತದೆ. ಅದೇ ಲಾರಿ ಬೈಪಾಸ್ ಹಿಡಿದರೆ ತುಂಬಿದ್ದು ತುಂಬಿದ ಹಾಗೇ ಗಬ್ಬೂರು ಕ್ರಾಸಿಗೆ ಬರುತ್ತದೆ. ನಿಮ್ಮ ಗುಳಿಗೆ ಊರೊಳಗಿನ ಲಾರಿ. ಗೆಳತಿಯ ಪಟ್ಟಿ ಬೈಪಾಸಿನದು.

ನುಂಗಿದ ಗುಳಿಗೆ ಸಣ್ಣ ಕರುಳಿನಲ್ಲಿ ಕರಗುತ್ತದೆ. ಕರುಳಿನ ಗೋಡೆಯಲ್ಲೇ ಒಂದಿಷ್ಟು ಒಡೆದು ಹೋಗುತ್ತದೆ. ಇನ್ನು ಕರುಳಿನಿಂದ ಹೊರಟ ರಕ್ತ ನೇರ ಹೃದಯಕ್ಕೆ ಹೋಗುವುದಿಲ್ಲ, ಮೊದಲು ಲಿವರಿಗೆ ಹೋಗಬೇಕು. ಹೊಟ್ಟೆಗೆ ಹೋದ ಏನೇ ಇರಲಿ, ಮೊದಲು ತಪಾಸಣೆ ಮಾಡಿ, ಒಡೆದು, ಆಮೇಲೆ ಮುಂದೆ ಬಿಡುವುದು ಲಿವರಿನ ಕೆಲಸ. ಈಸ್ಟ್ರಾಡಯಾಲ್ ಅಂದರೆ ಅದಕ್ಕೆ ಒಡೆಯಲು ಬಹಳ ಸಲೀಸು. ಹೀಗೆ ಎರಡು ಕಡೆ ಇಳಿದು ಈಸ್ಟ್ರಾಡಯಾಲ್ ರೂಪದಲ್ಲೇ ಉಳಿದು ರಕ್ತಕ್ಕೆ ಸೇರುವುದು ನೂರಕ್ಕೆ ಸುಮಾರು 5 ಪಾಲು ಅಷ್ಟೇ. ನಿಮ್ಮ 2 ಮಿಲಿಗ್ರಾಂ ಅಂದರೆ 2000 ಮೈಕ್ರೋಗ್ರಾಂ. ಅದರಲ್ಲಿ 5 ಪಾಲು ಅಂದರೆ 100. ನಲವತ್ತು ಪಟ್ಟು ಎಲ್ಲಿಗೆ ಬಂತು ನೋಡಿ! ಡಾಕ್ಟರುಗಳ ಲೆಕ್ಕದಲ್ಲಿ 50ರ ಪಟ್ಟಿಗೆ 1ರಿಂದ 2 ಮಿಲಿಗ್ರಾಂ ಗುಳಿಗೆ ಸಮ. ನಿಮ್ಮ ಗೆಳತಿಗೂ ನಿಮಗೂ ಭಾರಿ ಫರಕೇನಿಲ್ಲ, ಅವಳಿಗೆ ಹೇಳಿ.

ಹಾಗಾದರೆ ಉಳಿದದ್ದು ವ್ಯರ್ಥವೇ? ಅಲ್ಲ. ಬಹಳಷ್ಟು ಈಸ್ಟ್ರೋನ್ ಅನ್ನುವ ಸೌಮ್ಯ ತಂಗಿಯಾಗಿ ಬದಲಾಗುತ್ತದೆ. ಮುಟ್ಟು ನಡೆಯುತ್ತಿದ್ದ ವಯಸ್ಸಿನಲ್ಲಿ ರಕ್ತದಲ್ಲಿ ಅಕ್ಕ ಈಸ್ಟ್ರಾಡಯಾಲಿನದೇ ಕೈ ಮೇಲು. ಗುಳಿಗೆ ನುಂಗುವವರಲ್ಲಿ ತಂಗಿ ನಾಲ್ಕೈದು ಪಟ್ಟು ಹೆಚ್ಚು. ಪಟ್ಟಿ ಹಚ್ಚಿದವರಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ. ಈಸ್ಟ್ರೋನಿನ ಒಂದು ಭಾಗ ಮೈಯಲ್ಲಿ ಶೇಖರವಾಗಿ ಕುಳಿತು, ಬೇಕಾದಾಗ ಮತ್ತೆ ಈಸ್ಟ್ರಾಡಯಾಲ್ ಆಗುತ್ತದೆ. ಇನ್ನೊಂದಿಷ್ಟು ಪಿತ್ತದ ಜೊತೆ ಕರುಳಿಗೆ ವಾಪಸ್ ಬರುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದರ ಕಟ್ಟು ಬಿಚ್ಚಿ ಮತ್ತೆ ರಕ್ತಕ್ಕೆ ಬಿಡುತ್ತವೆ. ದಿನಕ್ಕೊಂದೇ ಗುಳಿಗೆ ಸಾಕಾಗುವುದು ಹೀಗೆ.

ಇಲ್ಲಿವರೆಗೆ ಬರೀ ಅಳತೆಯ ಮಾತು. ಅದಕ್ಕಿಂತ ಮುಖ್ಯವಾದದ್ದು ಲಿವರಿನ ಮಾತು. ದಿನಾ ಒಮ್ಮೆಲೇ ಇಷ್ಟು ಹಾರ್ಮೋನು ಬಂದು ಬಿದ್ದರೆ ಲಿವರ್ ಸುಮ್ನೆ ಕೂರುವುದಿಲ್ಲ. ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಜಾಸ್ತಿ ಮಾಡುತ್ತದೆ, ಟ್ರೈಗ್ಲಿಸರೈಡ್ ಅನ್ನುವ ರಕ್ತದ ಕೊಬ್ಬನ್ನು ಏರಿಸುತ್ತದೆ. ಒಳ್ಳೆಯದನ್ನೂ ಮಾಡುತ್ತದೆ ಅನ್ನಿ, ಕೆಟ್ಟ ಕೊಲೆಸ್ಟರಾಲ್ ಇಳಿಸುತ್ತದೆ. ಪಟ್ಟಿಯಲ್ಲಿ ಲಿವರಿಗೆ ಈ ಪ್ರವಾಹ ತಾಗುವುದಿಲ್ಲ. ಫ್ರಾನ್ಸಿನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಎಸ್ತರ್ ಅನ್ನುವ ಅಧ್ಯಯನದಲ್ಲಿ ಗುಳಿಗೆ ನುಂಗುವವರಿಗೆ ಕಾಲಿನ ರಕ್ತನಾಳದಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು 4 ಪಟ್ಟು ಕಂಡಿತ್ತು, ಚರ್ಮದ ಮೂಲಕ ತೆಗೆದುಕೊಂಡವರಿಗೆ ಏರಿಕೆಯೇ ಕಾಣಲಿಲ್ಲ. ಬೇರೆ ಅಧ್ಯಯನಗಳಲ್ಲಿ ಇಷ್ಟು ದೊಡ್ಡ ಅಂಕಿ ಬಂದಿಲ್ಲ, ಆದರೆ ಎಲ್ಲ ಕೈ ತೋರಿಸುವುದು ಅದೇ ಕಡೆಗೆ. ಮತ್ತೆ ಹೆದರಬೇಡಿ. ನಿಮ್ಮ ವಯಸ್ಸಿನ ಆರೋಗ್ಯವಂತ ಹೆಣ್ಣುಮಕ್ಕಳಲ್ಲಿ ಇದು ಮೊದಲೇ ಅಪರೂಪ, ಅಪರೂಪದ್ದು ಎರಡು ಪಟ್ಟಾದರೂ ಅಪರೂಪವೇ.

ಗೆಳತಿ ಹೆದರಿಸಿದ್ದು ಬಹುಶಃ 2002ರ ಅಮೆರಿಕದ ಸುದ್ದಿ ಇಟ್ಟುಕೊಂಡು. ಹಾರ್ಮೋನ್ ಚಿಕಿತ್ಸೆಯ ಆ ದೊಡ್ಡ ಅಧ್ಯಯನವನ್ನು ನಡುವೆಯೇ ನಿಲ್ಲಿಸಿದ್ದು ನಿಜ, ಸ್ತನ ಕ್ಯಾನ್ಸರ್ ವರ್ಷಕ್ಕೆ 10,000 ಹೆಂಗಸರಲ್ಲಿ ಸುಮಾರು 8 ಜಾಸ್ತಿ ಕಂಡಿದ್ದೂ ನಿಜ. ಆದರೆ ಅಲ್ಲಿ ಕೊಟ್ಟದ್ದು ಗಬ್ಬದ ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್, ಗರ್ಭಚೀಲ ಕಾಯಲು ಅದಕ್ಕೆ ಜೋಡಿಯಾಗಿ ಪ್ರೊಜೆಸ್ಟಿನ್ ಅನ್ನುವ ಕೃತಕ ಹಾರ್ಮೋನು, ಎರಡೂ ಬಾಯಿಂದ. ಸೇರಿಸಿಕೊಂಡವರ ಸರಾಸರಿ ವಯಸ್ಸು 63. ನಿಮಗೆ 49. ಅಲ್ಲಿನ ಅಂಕಿಯನ್ನು ಎತ್ತಿ ನಿಮ್ಮ ಮೇಲೆ ಹಾಗೇ ಇಡಲು ಬರುವುದಿಲ್ಲ.

ಮನೆಯಲ್ಲಿ ಯಾರಿಗಾದರೂ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತೇ, ನಿಮಗೆ ತೂಕ ಬಹಳ ಜಾಸ್ತಿ ಇದೆಯೇ, ಅರ್ಧ ತಲೆನೋವು, ಪಿತ್ತಕೋಶದ ಕಲ್ಲು, ಟ್ರೈಗ್ಲಿಸರೈಡ್ ತೊಂದರೆ ಇದೆಯೇ? ಇದ್ದರೆ ಡಾಕ್ಟರ ಹತ್ತಿರ ಪಟ್ಟಿಯ ಮಾತು ಎತ್ತಿ. ಯಾವುದೂ ಇಲ್ಲದಿದ್ದರೆ ಗುಳಿಗೆ ತಪ್ಪೇನಲ್ಲ, ಅಗ್ಗವೂ ಹೌದು. ಇನ್ನೊಂದು, ನಿಮ್ಮ ಪತ್ರದಲ್ಲಿ ಗರ್ಭಚೀಲ ಕಾಯುವ ಜೋಡಿ ಹಾರ್ಮೋನು ಪ್ರೊಜೆಸ್ಟರಾನಿನ ಮಾತೇ ಇಲ್ಲ. ಗರ್ಭಚೀಲ ಇದ್ದವರಿಗೆ ಬರೀ ಈಸ್ಟ್ರೋಜನ್ ಕೊಟ್ಟರೆ ಚೀಲದ ಒಳಪದರ ದಪ್ಪವಾಗುತ್ತಾ ಹೋಗಿ ಕ್ಯಾನ್ಸರಿಗೆ ದಾರಿಯಾಗಬಹುದು. ಬರೆಯಲು ಮರೆತಿದ್ದರೆ ಸರಿ. ಕೊಟ್ಟೇ ಇಲ್ಲದಿದ್ದರೆ ನಾಳೆಯೇ ಹೋಗಿ ಕೇಳಿ.

ಪಟ್ಟಿ ವಾರಕ್ಕೆ ಎರಡು ಸಲ ಬದಲಿಸಬೇಕು ಅಂದಿದ್ದಾರೆ, ಆದರೆ ನನ್ನದು ಎರಡನೇ ದಿನಕ್ಕೇ ಅಂಚು ಎದ್ದು ಕಿತ್ತು ಬರುತ್ತದೆ. ಸಂಜೆ ಹದಿನೈದು-ಇಪ್ಪತ್ತು ರೊಟ್ಟಿ ಬಡಿಯುವವಳು ನಾನು, ಒಲೆಯ ಝಳಕ್ಕೆ ಹೀಗಾಗುತ್ತದೋ ಏನೋ. ಕಿತ್ತು ಬಂದರೆ ಮತ್ತೆ ಅಂಟಿಸಬಹುದೇ? (ಮಾಳಮಡ್ಡಿ, ಧಾರವಾಡ)

ಇದಕ್ಕೆ ನನ್ನ ಕಥೆಯನ್ನೇ ಹೇಳಬೇಕು. ನಾನೂ ಎರಡು ವರ್ಷ ಪಟ್ಟಿ ಹಚ್ಚಿಕೊಂಡವಳು. ಒಂದು ದೀಪಾವಳಿಗೆ ನಸುಕಿನಲ್ಲಿ ಎಣ್ಣೆ ಹಚ್ಚಿಕೊಂಡು ಸ್ನಾನ ಮಾಡಿ, ಹೊಸ ಪಟ್ಟಿ ಅಂಟಿಸಿ, ಸೀರೆ ಉಟ್ಟು ಓಡಾಡಿದೆ. ಮರುದಿನ ರಾತ್ರಿಯಿಂದ ಮತ್ತೆ ಬೆವರು, ನಿದ್ದೆ ಇಲ್ಲ. ಡೋಸ್ ಸಾಲುತ್ತಿಲ್ಲ, ಏರಿಸಬೇಕು ಅಂತ ಡಾಕ್ಟರ್ ಬುದ್ಧಿ ಓಡಿಸುತ್ತಿದ್ದೆ. ಮೂರನೇ ದಿನ ಬಟ್ಟೆ ಒಗೆಯುವವಳು ಪರಕಾರ ತಿರುವಿ ಹಿಡಿದು, "ಅಕ್ಕಾರ, ಇದೇನ್ರಿ ಇಲ್ಲಿ ಅಂಟೇತಿ?" ಅಂದಳು. ನನ್ನ ಹಾರ್ಮೋನು ಎರಡು ದಿನ ಆ ಹತ್ತಿ ಬಟ್ಟೆಗೆ ಚಿಕಿತ್ಸೆ ಕೊಟ್ಟಿತ್ತು!

ಪಟ್ಟಿ ಕೆಲಸ ಮಾಡುವುದು ಹೇಗೆ ಅಂದರೆ, ನಮ್ಮ ಚರ್ಮದ ಎಲ್ಲಕ್ಕಿಂತ ಮೇಲಿನ ಪದರ ಸತ್ತ ಕೋಶಗಳ ಗೋಡೆ. ಇಟ್ಟಿಗೆ ಸತ್ತ ಕೋಶ, ನಡುವಿನ ಗಾರೆ ಕೊಬ್ಬು. ನೀರಿನಲ್ಲಿ ಕರಗುವಂಥದ್ದು ಈ ಗೋಡೆ ದಾಟುವುದು ಕಷ್ಟ. ಈಸ್ಟ್ರಾಡಯಾಲ್ ಕೊಬ್ಬಿನಲ್ಲಿ ಕರಗುವ ಪೈಕಿ, ಮತ್ತೆ ಅದರ ಕಣವೂ ಸಣ್ಣದು, ಹಾಗಾಗಿ ಗಾರೆಯೊಳಗೆ ನುಸುಳಿಕೊಂಡು ಹೋಗಿ ಕೆಳಗಿನ ಸಣ್ಣ ರಕ್ತನಾಳ ಸೇರುತ್ತದೆ. ಅಮೆರಿಕದಲ್ಲಿ ಈ ಪಟ್ಟಿಗೆ ಒಪ್ಪಿಗೆ ಸಿಕ್ಕಿದ್ದು 1986ರಲ್ಲಿ. ಆಗಿನದು ಒಳಗೆ ದ್ರವ ತುಂಬಿದ ಪುಟ್ಟ ಚೀಲ. ಈಗಿನದರಲ್ಲಿ ಅಂಟಿನಲ್ಲೇ ಹಾರ್ಮೋನು ಬೆರೆಸಿರುತ್ತಾರೆ. ಅಂದರೆ ಅಂಚು ಎದ್ದರೆ ಬರೀ ಪಟ್ಟಿ ಎದ್ದಂತಲ್ಲ, ಅಷ್ಟು ಔಷಧಿಯೂ ಚರ್ಮ ಬಿಟ್ಟಂತೆ. ಪೂರ್ತಿ ಕಿತ್ತು ಬಂದರೆ ಒಂದು ದಿನದೊಳಗೆ ರಕ್ತದ ಮಟ್ಟ ಮೊದಲಿದ್ದಲ್ಲಿಗೇ ಇಳಿಯುತ್ತದೆ. ನನ್ನ ಬೆವರಿಗೆ ಅದೇ ಕಾರಣ.

ಒಲೆಯ ಝಳದಿಂದ ಆಗುವುದು ಎರಡು. ಬೆವರಿಗೆ ಅಂಟು ಸಡಿಲಾಗುತ್ತದೆ. ಬಿಸಿಗೆ ಚರ್ಮದ ರಕ್ತ ಓಡಾಟ ಹೆಚ್ಚಿ ಔಷಧಿ ಸ್ವಲ್ಪ ಜಾಸ್ತಿ ಒಳಗೆ ಹೋಗುತ್ತದೆ. ಸೀರೆಯ ಮರೆಯಲ್ಲಿರುವ ಪಟ್ಟಿಗೆ ಅರ್ಧ ಗಂಟೆಯ ರೊಟ್ಟಿ ಕೆಲಸದಿಂದ ತೊಂದರೆ ಏನಿಲ್ಲ. ಆದರೆ ಸೊಂಟ ನೋವು ಅಂತ ಪಟ್ಟಿಯ ಮೇಲೇ ಬಿಸಿನೀರಿನ ಚೀಲ ಇಟ್ಟು ಮಲಗಬೇಡಿ.

ನಿಮ್ಮ ಪಟ್ಟಿ ಕೀಳುವುದಕ್ಕೆ ನನ್ನ ಅನುಮಾನ ಒಲೆಯ ಮೇಲಲ್ಲ, ಪರಕಾರದ ಲಾಡಿಯ ಮೇಲೆ. ಬಗ್ಗಿ ಎದ್ದಾಗಲೆಲ್ಲ ಲಾಡಿ ಅಂಚನ್ನು ಕೆರೆಯುತ್ತದೆ. ಲಾಡಿ ಕೂರುವ ಜಾಗದಿಂದ ನಾಲ್ಕು ಬೆರಳು ಕೆಳಗೆ, ಹೊಟ್ಟೆಯ ಒಂದು ಪಕ್ಕಕ್ಕೆ ಅಂಟಿಸಿ, ಇಲ್ಲವೇ ಕುಂಡೆಯ ಮೇಲ್ಭಾಗಕ್ಕೆ. ಎದೆಗೆ ಮಾತ್ರ ಯಾವತ್ತೂ ಬೇಡ. ಎಣ್ಣೆ, ಪೌಡರ್, ಕ್ರೀಮು ಏನೂ ಇಲ್ಲದ ಒಣ ಚರ್ಮ ಇರಲಿ. ಎಣ್ಣೆ ಸ್ನಾನದ ದಿನ ಆ ಜಾಗವನ್ನು ಬಿಟ್ಟು ಎಣ್ಣೆ ಹಚ್ಚಿಕೊಳ್ಳಿ. ಅಂಟಿಸಿ ಅಂಗೈಯಿಂದ ಹತ್ತು ಸೆಕೆಂಡು ಒತ್ತಿ ಹಿಡಿಯಿರಿ. ಕಿತ್ತು ಬಂದದ್ದು ಇನ್ನೂ ಅಂಟುತ್ತಿದ್ದರೆ ಅದನ್ನೇ ಹಾಕಿ, ಇಲ್ಲದಿದ್ದರೆ ಹೊಸದು. ಬದಲಿಸುವ ದಿನ ಮಾತ್ರ ಮೊದಲಿನದೇ. ಪ್ರತಿ ಸಲ ಜಾಗ ಬದಲಿಸಿ, ಇಲ್ಲದಿದ್ದರೆ ತುರಿಕೆ. ತೆಗೆದ ಪಟ್ಟಿಯಲ್ಲೂ ಔಷಧಿ ಬಹಳಷ್ಟು ಉಳಿದಿರುತ್ತದೆ, ಅಂಟಿನ ಮುಖ ಒಳಗೆ ಬರುವಂತೆ ಮಡಚಿ ಮಕ್ಕಳ ಕೈಗೆ ಸಿಗದಂತೆ ಎಸೆಯಿರಿ.

ನಮ್ಮಲ್ಲಿ ಪಟ್ಟಿ ಸಿಗಲಿಲ್ಲ, ತೋಳಿಗೆ ಹಚ್ಚುವ ಜೆಲ್ ಕೊಟ್ಟಿದ್ದಾರೆ. ನಾನು ಸೀಜನ್ನಿನಲ್ಲಿ ಮೆಣಸಿನಕಾಯಿ ತುಂಬು (ತೊಟ್ಟು) ಬಿಡಿಸಲು ಹೋಗುತ್ತೇನೆ, ಕೈ ಸದಾ ಉರಿ. ಮನೆಯಲ್ಲಿ ಎರಡು ವರ್ಷದ ಮೊಮ್ಮಗಳು ಸದಾ ಹೆಗಲ ಮೇಲೆ. ಜೆಲ್ ಅವಳಿಗೆ ತಾಗಿದರೆ? (ಬ್ಯಾಡಗಿ)

ಬಹಳ ಒಳ್ಳೆಯ ಪ್ರಶ್ನೆ ಕೇಳಿದಿರಿ ಅವ್ವಾ, ಇದನ್ನು ದವಾಖಾನೆಯಲ್ಲಿ ನಾವೇ ಮೊದಲು ಹೇಳಬೇಕು, ಹೇಳುವುದಿಲ್ಲ. ಜೆಲ್ ಹಚ್ಚಿದ್ದರಲ್ಲಿ ರಕ್ತಕ್ಕೆ ಸೇರುವುದು ಹೆಚ್ಚೆಂದರೆ ಹತ್ತರಲ್ಲೊಂದು ಪಾಲು. ಒಂದಿಷ್ಟು ಚರ್ಮದ ಮೇಲಿನ ಪದರದಲ್ಲಿ ಶೇಖರವಾಗಿ ಇಡೀ ದಿನ ಸೋಸುತ್ತಾ ಇರುತ್ತದೆ, ಉಳಿದದ್ದು ಚರ್ಮದ ಮೇಲೇ. ಮೇಲುಳಿದದ್ದು ಬೇರೆಯವರ ಮೈಗೆ ಹತ್ತಬಹುದು. 2010ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಇಲಾಖೆ ತೋಳಿಗೆ ಹೊಡೆದುಕೊಳ್ಳುವ ಇದೇ ಹಾರ್ಮೋನಿನ ಸ್ಪ್ರೇ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ತಾಯಂದಿರ ತೋಳು ತಾಗಿ ಪುಟ್ಟ ಮಕ್ಕಳಿಗೆ ಎದೆ ಮೂಡಿತ್ತು, ಸಾಕಿದ ನಾಯಿಗಳಿಗೂ ತೊಂದರೆಯಾಗಿತ್ತು.

ಹಾಗಾಗಿ ನೀವು ತೋಳು ಬಿಟ್ಟು ತೊಡೆಯ ಒಳಭಾಗಕ್ಕೆ ಹಚ್ಚಬಹುದೇ ಅಂತ ಡಾಕ್ಟರನ್ನು ಕೇಳಿ. ಬಹಳ ಜೆಲ್‌ಗಳಿಗೆ ಅದು ನಡೆಯುತ್ತದೆ, ಸೀರೆಯ ಮರೆಯಲ್ಲಿ ಮಗುವಿಗೆ ಸಿಗುವುದೂ ಇಲ್ಲ. ರಾತ್ರಿ ಮಗು ಮಲಗಿದ ಮೇಲೆ ಹಚ್ಚಿ, ಐದು ನಿಮಿಷ ಒಣಗಲು ಬಿಡಿ, ಕೈಯನ್ನು ಸಾಬೂನು ಹಚ್ಚಿ ತೊಳೆಯಿರಿ, ಒಂದು ಗಂಟೆಯಾದರೂ ಆ ಜಾಗಕ್ಕೆ ನೀರು ಬೇಡ. ಜೆಲ್ಲಿನಲ್ಲಿ ಸ್ಪಿರಿಟ್ ಇರುತ್ತದೆ, ಒಣಗುವ ತನಕ ಒಲೆಯ ಹತ್ತಿರ ಹೋಗಬೇಡಿ. ಮತ್ತೆ ಖಾರದ ಕೈಯಲ್ಲಿ ಹಚ್ಚುವ ಕೆಲಸ ಬೇಡವೇ ಬೇಡ. ಉರಿದು ಕೆಂಪಾದ, ಸುಲಿದ ಚರ್ಮದ ಗೋಡೆ ಬಿರುಕು ಬಿಟ್ಟ ಹಾಗೆ, ಅಲ್ಲಿಂದ ಔಷಧಿ ಎಷ್ಟು ಒಳಗೆ ಹೋಯಿತು ಅನ್ನುವ ಲೆಕ್ಕ ಸಿಗುವುದಿಲ್ಲ.

ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ರಾತ್ರಿಯೇ ಯಾಕೆ? ತಗೊಂಡ ಅರ್ಧ ತಾಸಿಗೆ ತೂಕಡಿಕೆ, ಎದ್ದರೆ ಓಲಾಡುತ್ತೇನೆ. ಇದನ್ನೂ ಜೆಲ್ ಥರ ಹಚ್ಚಲು ಬರುವುದಿಲ್ಲವೇ? (ವಿದ್ಯಾನಗರ, ಹುಬ್ಬಳ್ಳಿ)

ಪ್ರೊಜೆಸ್ಟರಾನಿಗೂ ಲಿವರಿನ ಕಾಟ ಇದ್ದೇ ಇದೆ, ನುಂಗಿದ್ದರಲ್ಲಿ ಉಳಿಯುವುದು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಅದಕ್ಕೇ ಅದನ್ನು ಬಹಳ ನುಣ್ಣಗೆ ಅರೆದು ಎಣ್ಣೆಯಲ್ಲಿ ಬೆರೆಸಿ ಕ್ಯಾಪ್ಸೂಲ್ ಮಾಡುತ್ತಾರೆ. ಕೆಲವು ಕಂಪನಿಗಳದ್ದು ಶೇಂಗಾ ಎಣ್ಣೆ. ಶೇಂಗಾ ಆಗಿಬರದವರು ಪಾಕೀಟು ಓದಲೇಬೇಕು. ಲಿವರಿನಲ್ಲಿ ಒಡೆದಾಗ ಹುಟ್ಟುವ ಒಂದು ಪದಾರ್ಥ ಮಿದುಳಿಗೆ ಹೋಗಿ ನಿದ್ದೆ ಗುಳಿಗೆಯ ಕೆಲಸ ಮಾಡುತ್ತದೆ. ಅದೇ ನಿಮ್ಮ ತೂಕಡಿಕೆ. ಊಟದ ಜೊತೆ ತಗೊಂಡರೆ ಇನ್ನೂ ಜಾಸ್ತಿ ಹೀರಿಕೊಳ್ಳುತ್ತದೆ, ಓಲಾಟವೂ ಜಾಸ್ತಿ. ಊಟವಾಗಿ ಒಂದೆರಡು ತಾಸು ಬಿಟ್ಟು, ಹಾಸಿಗೆ ಹಾಸಿಯೇ ನುಂಗಿ. ಅಷ್ಟಾದರೂ ತಡೆಯದಿದ್ದರೆ ಅದೇ ಕ್ಯಾಪ್ಸೂಲನ್ನು ಯೋನಿಯೊಳಗೆ ಇಟ್ಟುಕೊಳ್ಳಲು ಡಾಕ್ಟರು ಹೇಳಬಹುದು. ಆ ದಾರಿಯಲ್ಲಿ ಲಿವರ್ ಅಡ್ಡ ಬರುವುದಿಲ್ಲ, ಪಕ್ಕದ ಮನೆಗೆ ಹೋದಂತೆ ಗರ್ಭಚೀಲಕ್ಕೆ ಹೋಗುತ್ತದೆ, ನಿದ್ದೆಯೂ ಕಾಡುವುದಿಲ್ಲ.

ಹಚ್ಚಲು ಯಾಕೆ ಬರುವುದಿಲ್ಲ ಅಂದರೆ, ಈಸ್ಟ್ರಾಡಯಾಲಿಗೆ ಬೇಕಾದದ್ದು ಮೈಕ್ರೋಗ್ರಾಂ ಲೆಕ್ಕ, ಇದಕ್ಕೆ ಮಿಲಿಗ್ರಾಂ ಲೆಕ್ಕ. ಅಷ್ಟು ಚರ್ಮದಿಂದ ಸಾಗುವುದಿಲ್ಲ. ಆನ್‌ಲೈನಿನಲ್ಲಿ ಪ್ರೊಜೆಸ್ಟರಾನ್ ಕ್ರೀಮು ಮಾರುತ್ತಾರೆ. ಗರ್ಭಚೀಲ ಕಾಯಲು ಅದನ್ನು ನಂಬಬೇಡಿ.

ಥೈರಾಯ್ಡ್ ಗುಳಿಗೆ ಹತ್ತು ವರ್ಷದಿಂದ ಸರಿಯಾಗಿತ್ತು. ಹಾರ್ಮೋನ್ ಗುಳಿಗೆ ಶುರು ಮಾಡಿದ ಮೇಲೆ ಟಿಎಸ್‌ಎಚ್ ಏರಿದೆ. ಸಂಬಂಧ ಇದೆಯೇ? (ರಾಣೆಬೆನ್ನೂರು)

ಇದೆ. ಮತ್ತೆ ಲಿವರೇ. ನುಂಗಿದ ಈಸ್ಟ್ರೋಜನ್ ನೋಡಿ ಅದು ಥೈರಾಯ್ಡ್ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಪ್ರೋಟೀನು ಹೆಚ್ಚು ಮಾಡಿದೆ. ಹಾಗಾಗಿ ಮೈಯ ಕೆಲಸಕ್ಕೆ ಸಿಗುವ ಥೈರಾಯ್ಡ್ ಹಾರ್ಮೋನು ಕಡಿಮೆಯಾಗಿ, ಇನ್ನೂ ಬೇಕು ಅಂತ ಮಿದುಳಿನ ಕಡೆಯಿಂದ ಹೊರಡುವ ಸಂದೇಶ ಟಿಎಸ್‌ಎಚ್ ಏರಿದೆ. ಥೈರಾಯ್ಡ್ ಗುಳಿಗೆಯ ಡೋಸ್ ಸ್ವಲ್ಪ ಏರಿಸಬೇಕಾಗಬಹುದು. ಪಟ್ಟಿ, ಜೆಲ್‌ನಲ್ಲಿ ಈ ತಾಪತ್ರಯ ಇಲ್ಲ. ಇದೇ ನೆಪದಲ್ಲಿ ಹೇಳಿಬಿಡುತ್ತೇನೆ, ಟಿಬಿಯ ರಿಫಾಂಪಿಸಿನ್, ಫಿಟ್ಸಿನ ಫೆನಿಟಾಯಿನ್, ಕಾರ್ಬಮಜೆಪೈನ್ ತಗೊಳ್ಳುವವರಲ್ಲಿ ಲಿವರ್ ಇನ್ನೂ ಚುರುಕಾಗಿ ಈಸ್ಟ್ರೋಜನ್ ಒಡೆಯುತ್ತದೆ. ಡಾಕ್ಟರಿಗೆ ಎಲ್ಲ ಗುಳಿಗೆಗಳನ್ನೂ ತೋರಿಸಿ.

ಜೆಲ್ ಹಚ್ಚುತ್ತಿದ್ದೇನೆ, ಮೈ ಹಗುರಾಗಿದೆ, ನಿದ್ದೆ ಚೆನ್ನಾಗಿದೆ. ಸುಮ್ನೆ ಒಮ್ಮೆ ನೋಡೋಣ ಅಂತ ಲ್ಯಾಬಿಗೆ ಹೋಗಿ ಈಸ್ಟ್ರಾಡಯಾಲ್ ಟೆಸ್ಟ್ ಮಾಡಿಸಿದರೆ ಆಕಾಶಕ್ಕೇರಿದೆ! ನಿಲ್ಲಿಸಲೇ? (ಹಾವೇರಿ)

ಜೆಲ್ ಹಚ್ಚಿದ್ದು ಯಾವ ತೋಳಿಗೆ, ರಕ್ತ ತೆಗೆದದ್ದು ಯಾವ ತೋಳಿನಿಂದ? ಅದೇ ತೋಳಾದರೆ ಸೂಜಿ ಚರ್ಮದ ಮೇಲಿನ ಹಾರ್ಮೋನನ್ನೂ ಬಾಚಿಕೊಂಡು ಬಂದಿರುತ್ತದೆ. ಆ ರಿಪೋರ್ಟು ನಿಮ್ಮ ರಕ್ತದ್ದಲ್ಲ, ನಿಮ್ಮ ಜೆಲ್ಲಿನದು. ಇನ್ನು ಹಚ್ಚಿ ಎಷ್ಟು ಗಂಟೆಯಾಗಿತ್ತು ಅನ್ನುವುದರ ಮೇಲೂ ಅಂಕಿ ಏರಿಳಿಯುತ್ತದೆ. ಆರಾಮ ಇದ್ದವರು ಈ ಟೆಸ್ಟ್ ಮಾಡಿಸಬೇಕಾಗಿಯೇ ಇಲ್ಲ, ಝಳ ನಿಂತಿದೆಯೋ ಇಲ್ಲವೋ ಅದೇ ನಮ್ಮ ಅಳತೆ. ಡೋಸ್ ಏರಿಸಿದರೂ ಝಳ ನಿಲ್ಲದವರಿಗೆ ಟೆಸ್ಟ್ ಉಪಯೋಗ. ಕೆಲವರ ಚರ್ಮ ನಿಜಕ್ಕೂ ಸರಿಯಾಗಿ ಹೀರುವುದಿಲ್ಲ, ಅಂಥವರಿಗೆ ದಾರಿಯನ್ನೇ ಬದಲಿಸುತ್ತೇವೆ. ನಿಮ್ಮದು ನಿಲ್ಲಿಸಬೇಡಿ, ಡಾಕ್ಟರಿಗೆ ಒಂದು ಫೋನ್ ಮಾಡಿ ಹೀಗಾಯಿತು ಅನ್ನಿ.

ನನಗೆ 64. ಉರಿಮೂತ್ರ ಪದೇ ಪದೇ ಬರುತ್ತದೆ, ಕೆಳಗೆ ಒಣಗಿ ಉರಿ. ಕೆಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮು ಬರೆದುಕೊಟ್ಟರು. ಮಗಳು ಒಳಗಿನ ಚೀಟಿ ಓದಿ ಕ್ಯಾನ್ಸರ್, ಪಾರ್ಶ್ವವಾಯು ಅಂತೆಲ್ಲ ಇದೆ, ಹಚ್ಚಬೇಡ ಅಂದಳು. (ಕುಂದಗೋಳ)

ಮಗಳು ಓದಿದ ಚೀಟಿ ಗುಳಿಗೆಯ ದೊಡ್ಡ ಡೋಸಿಗೆ ಬರೆದದ್ದನ್ನೇ ಇಲ್ಲಿಗೂ ಎಳೆದು ತಂದದ್ದು. ಈ ಕ್ರೀಮಿನ ಡೋಸ್ ಬಹಳ ಸಣ್ಣದು, ಕೆಲಸವೂ ಹಚ್ಚಿದ ಜಾಗದಲ್ಲೇ. ಮೊದಲ ಎರಡು ವಾರ ಅಲ್ಲಿನ ಚರ್ಮ ತೆಳುವಾಗಿ ಒಣಗಿರುವುದರಿಂದ ರಕ್ತಕ್ಕೆ ಚೂರು ಜಾಸ್ತಿ ಸೇರುತ್ತದೆ. ಆಮೇಲೆ ಅದೇ ಕ್ರೀಮಿನಿಂದ ಚರ್ಮ ದಪ್ಪವಾಗಿ, ಹೀರುವುದು ತಾನಾಗೇ ಕಡಿಮೆಯಾಗುತ್ತದೆ. ಇದರ ಜೊತೆ ಪ್ರೊಜೆಸ್ಟರಾನ್ ಕೂಡ ಸಾಮಾನ್ಯವಾಗಿ ಬೇಡ. ಮೊದಲು ದಿನಾ, ಆಮೇಲೆ ವಾರಕ್ಕೆ ಎರಡು ಸಲ, ರಾತ್ರಿ ಮಲಗುವಾಗ. ಉರಿಮೂತ್ರಕ್ಕೂ ಇದರಿಂದ ಗುಣ ಇದೆ. ಹಿಂದೆ ಸ್ತನ ಕ್ಯಾನ್ಸರ್ ಆಗಿದ್ದರೆ ಅಥವಾ ಈಗ ರಕ್ತ ಕಾಣಿಸಿಕೊಳ್ಳುತ್ತಿದ್ದರೆ ಮಾತ್ರ ಮೊದಲು ತೋರಿಸಿ. ಇಲ್ಲದಿದ್ದರೆ ಧೈರ್ಯವಾಗಿ ಹಚ್ಚಿ ಅಮ್ಮಾ. ಹೆಣ್ಣುಮಕ್ಕಳು ವರ್ಷಗಟ್ಟಲೆ ಈ ಉರಿಯನ್ನು ನುಂಗಿಕೊಂಡು ಕೂರುವುದು ನೋಡಿ ನನಗೆ ಸಿಟ್ಟು ಬರುತ್ತದೆ.

ಅಗಸಿ ಚಟ್ನಿಯಲ್ಲಿ ನೈಸರ್ಗಿಕ ಈಸ್ಟ್ರೋಜನ್ ಇದೆಯಂತೆ, ದಿನಾ ತಿಂದರೆ ಈ ಗುಳಿಗೆ ಜೆಲ್ ಯಾವುದೂ ಬೇಡ ಅಂತ ನಮ್ಮ ಓರಗಿತ್ತಿ ಹೇಳುತ್ತಾಳೆ. (ನವಲಗುಂದ)

ಓರಗಿತ್ತಿ ಅರ್ಧ ಸರಿ. ಅಗಸಿಯಲ್ಲಿ ಲಿಗ್ನಾನ್ ಅನ್ನುವುದು ಬಹಳ ಇದೆ. ಅದು ಇದ್ದಲ್ಲಿಯೇ ಹಾರ್ಮೋನಿನಂತೆ ಕೆಲಸ ಮಾಡುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾ ಅದನ್ನು ಬದಲಿಸಿದ ಮೇಲೆ ಈಸ್ಟ್ರೋಜನ್ನಿನ ಬಹಳ ದೂರದ, ಬಹಳ ದುರ್ಬಲ ಬಳಗವಾಗುತ್ತದೆ. ಒಬ್ಬೊಬ್ಬರ ಕರುಳಿನಲ್ಲಿ ಒಂದೊಂದು ಥರ ಬ್ಯಾಕ್ಟೀರಿಯಾ, ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಅಳತೆ. ಆ್ಯಂಟಿಬಯೋಟಿಕ್ ತಗೊಂಡರಂತೂ ಕೆಲವು ವಾರ ಆ ಅಂಗಡಿಗೆ ಬಾಗಿಲು. ಅಮೆರಿಕದಲ್ಲಿ ಅಗಸಿ ಕೊಟ್ಟು ಪರೀಕ್ಷೆ ಮಾಡಿದಾಗ, ಅಗಸಿ ಇಲ್ಲದ್ದನ್ನು ತಿಂದವರಿಗೂ ಝಳ ಅಷ್ಟೇ ಕಡಿಮೆಯಾಗಿತ್ತು. ಅಂದರೆ ಔಷಧಿ ಅಂತ ಅದನ್ನು ನೆಚ್ಚಿಕೊಳ್ಳಲು ಬರುವುದಿಲ್ಲ.

ಚಟ್ನಿಯಾಗಿ ತಿನ್ನಲು ನನ್ನ ತಕರಾರಿಲ್ಲ, ನಾರು ಇದೆ, ಒಳ್ಳೆಯ ಕೊಬ್ಬು ಇದೆ, ಬಿಸಿ ರೊಟ್ಟಿಗೆ ಮೊಸರಿನ ಜೊತೆ ಕಲಸಿಕೊಂಡರೆ ನಾನೂ ಒಂದು ರೊಟ್ಟಿ ಜಾಸ್ತಿ ತಿನ್ನುತ್ತೇನೆ. ಹುರಿದು ಕುಟ್ಟಿಯೇ ತಿನ್ನಿ. ಇಡೀ ಬೀಜವನ್ನು ನೀರಿನ ಜೊತೆ ನುಂಗುವ ಹೊಸ ಫ್ಯಾಷನ್ ಬಂದಿದೆ, ಅದು ಹೇಗೆ ಒಳಗೆ ಹೋಯಿತೋ ಬಹುಪಾಲು ಹಾಗೇ ಹೊರಗೆ ಬರುತ್ತದೆ.